ರೈಲಾ ಒಡಿಂಗಾ ಕುರಿತ ನಿಮ್ಮ ಲೇಖನವನ್ನು ಹಿಂದಿರುಗಿಸುತ್ತಾ

ಮಾನ್ಯರೇ,

ಕೀನ್ಯಾದ ಮಾಜಿ ಪ್ರಧಾನಿ ರೈಲಾ ಒಡಿಂಗಾ ಅವರ ರಾಜಕೀಯ ಜೀವನವನ್ನು ಕುರಿತು ನೀವು ಕಳುಹಿಸಿದ ‘ಐದು ಬಾರಿ ಸೋತ ಸಿಂಹ’ ಎಂಬ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. 2025ರ ಅಕ್ಟೋಬರ್ 15ರಂದು, ಆಯುರ್ವೇದ ಚಿಕಿತ್ಸೆಗೆಂದು ಕೇರಳದ ಕೂತ್ತಾಟ್ಟುಕುಳಂಗೆ ಬಂದಿದ್ದಾಗ, ತಮ್ಮ 80ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿಯಿಂದ ಆರಂಭವಾಗುವ ನಿಮ್ಮ ಬರಹವು ಕೊನೆಯವರೆಗೂ ಶ್ರದ್ಧಾಂಜಲಿಯ ಧಾಟಿಯಿಂದ ಹೊರಬರುವುದೇ ಇಲ್ಲ. ನಿಮ್ಮಲ್ಲಿ ಮಾಹಿತಿ ಸಾಕಷ್ಟಿದೆ, ವಾಕ್ಯರಚನೆಯೂ ಶುದ್ಧವಾಗಿದೆ; ಆದುದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪು. ಅವರನ್ನು ನೀವು ‘ಕೀನ್ಯಾದ ಪ್ರಥಮ ಪ್ರಧಾನಿ’ ಎಂದು ಕರೆದಿದ್ದೀರಿ. 1963ರಲ್ಲಿ ಆ ಸ್ಥಾನಕ್ಕೆ ಬಂದವರು ಜೋಮೋ ಕೆನ್ಯಾಟಾ. ಮರುವರ್ಷ ದೇಶ ಗಣರಾಜ್ಯವಾದಾಗ ಕೆನ್ಯಾಟಾ ಅಧ್ಯಕ್ಷರಾದರು, ಪ್ರಧಾನಿಯ ಹುದ್ದೆ ಇಲ್ಲವಾಯಿತು. 2007ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಮ್ವಾಯ್ ಕಿಬಾಕಿ ಮತ್ತು ರೈಲಾ ನಡುವೆ ನಡೆದ ಚುನಾವಣೆಯ ಫಲಿತಾಂಶದ ಸುತ್ತ ಹೊತ್ತಿಕೊಂಡ ಹಿಂಸೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತು, ಲಕ್ಷಾಂತರ ಮಂದಿ ಮನೆಮಠ ಕಳೆದುಕೊಂಡ ಮೇಲೆ, ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಸಂಧಾನದಲ್ಲಿ ಆ ಹುದ್ದೆಯನ್ನು ಮತ್ತೆ ಸೃಷ್ಟಿಸಿ ರೈಲಾ ಅವರಿಗೆ ಕೊಡಲಾಯಿತು. 2010ರ ಹೊಸ ಸಂವಿಧಾನದಲ್ಲಿ ಅದಕ್ಕೆ ಜಾಗವಿರಲಿಲ್ಲ. 2013ರಲ್ಲಿ ರೈಲಾ ಇಳಿದೊಡನೆ ಹುದ್ದೆಯೂ ಹೋಯಿತು. ಒಂದು ಜಗಳವನ್ನು ತೀರಿಸಲೆಂದೇ ಹುಟ್ಟಿದ ಅಧಿಕಾರ ಅದು ಎಂಬುದನ್ನು ತಿಳಿಯದೆ ಅವರ ಪ್ರಧಾನಿತ್ವವನ್ನು ಅಳೆಯುವುದು ಕಷ್ಟ.

ನೀವೋ ಆ ಐದು ವರ್ಷಗಳನ್ನು ‘ಸಮರ್ಥ ಆಡಳಿತ ನೀಡಿದರು’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಲೇಖನದ ಜೀವ ಇರಬೇಕಾದದ್ದು ಅಲ್ಲಿಯೇ. ಸರ್ಕಾರದ ಕೆಲಸಗಳ ಸಮನ್ವಯ ಮತ್ತು ಮೇಲ್ವಿಚಾರಣೆ ಪ್ರಧಾನಿಯದೆಂದು ಒಪ್ಪಂದದಲ್ಲಿತ್ತು, ಆದರೆ ಸಂಪುಟ ಸಭೆಯ ಅಧ್ಯಕ್ಷತೆ ಮ್ವಾಯ್ ಕಿಬಾಕಿ ಅವರದೇ ಆಗಿತ್ತು. 2010ರ ಫೆಬ್ರವರಿಯಲ್ಲಿ ಮೆಕ್ಕೆಜೋಳದ ಹಗರಣ ಮತ್ತು ಶಾಲಾ ನಿಧಿಯ ಹಗರಣಗಳ ಹಿನ್ನೆಲೆಯಲ್ಲಿ ಕೃಷಿ ಸಚಿವ ವಿಲಿಯಂ ರೂಟೊ ಮತ್ತು ಶಿಕ್ಷಣ ಸಚಿವ ಸ್ಯಾಮ್ ಒಂಗೇರಿ ಅವರನ್ನು ರೈಲಾ ಮೂರು ತಿಂಗಳ ಮಟ್ಟಿಗೆ ಅಮಾನತು ಮಾಡಿದರು. ಕೆಲವೇ ಗಂಟೆಗಳಲ್ಲಿ ಕಿಬಾಕಿ ಅದನ್ನು ರದ್ದುಪಡಿಸಿದರು. ಅದಕ್ಕೂ ಹಿಂದಿನ ವರ್ಷ, ಕರಾವಳಿಯ ಸರ್ಕಾರಿ ಪ್ರವಾಸದಲ್ಲಿ ತಮಗೆ ತಕ್ಕ ಕೆಂಪು ಹಾಸನ್ನೂ ಶೌಚಾಲಯವನ್ನೂ ಒದಗಿಸಲಿಲ್ಲವೆಂದು ಪ್ರಧಾನಿಯೇ ಬಹಿರಂಗವಾಗಿ ದೂರಿದ್ದರು. ಜನ ನಕ್ಕರೆಂಬುದು ನಿಜ, ಆದರೂ ಅರ್ಧ ಅಧಿಕಾರವೆಂದರೆ ಹೇಗಿರುತ್ತದೆ ಎಂಬುದು ನಿಮ್ಮ ವಿಶೇಷಣಗಳ ಸಾಲಿಗಿಂತ ಈ ಎರಡು ಘಟನೆಗಳಿಂದ ಓದುಗನಿಗೆ ಚೆನ್ನಾಗಿ ಮನವರಿಕೆಯಾಗುತ್ತದೆ.

ಅಧ್ಯಕ್ಷ ಚುನಾವಣೆಗಳ ಸೋಲುಗಳ ಲೆಕ್ಕಕ್ಕೆ ಬರುತ್ತೇನೆ. 1997, 2007, 2013, 2017, 2022 ಎಂದು ಐದನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೀರಿ. 2007ರಲ್ಲಿ ನಿಜವಾಗಿ ಗೆದ್ದವರಾರೆಂದು ನಿರ್ಧರಿಸುವುದೇ ಅಸಾಧ್ಯವೆಂದು, ಆ ಚುನಾವಣೆಯ ತನಿಖೆ ನಡೆಸಿದ ಕ್ರೀಗ್ಲರ್ ಆಯೋಗ ವರದಿ ಕೊಟ್ಟಿತು. 2017ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಜೋಮೋ ಅವರ ಮಗ ಉಹುರು ಕೆನ್ಯಾಟಾ ಅವರ ಗೆಲುವನ್ನು ಅಸಿಂಧುಗೊಳಿಸಿತು. ಹಾಲಿ ಅಧ್ಯಕ್ಷರೊಬ್ಬರ ಗೆಲುವನ್ನು ನ್ಯಾಯಾಲಯ ಹೀಗೆ ತಳ್ಳಿಹಾಕಿದ್ದು ಆಫ್ರಿಕಾದಲ್ಲಿ ಅದೇ ಮೊದಲು. ಮರುಚುನಾವಣೆಯಿಂದ ರೈಲಾ ತಾವಾಗಿ ಹಿಂದೆ ಸರಿದರು. ಇವನ್ನೂ, 2022ರಲ್ಲಿ ರೂಟೊ ಅವರೆದುರು ಶೇಕಡಾ ಎರಡಕ್ಕಿಂತ ಕಡಿಮೆ ಅಂತರದಲ್ಲಿ ಬಂದ ಸೋಲನ್ನೂ ‘ಪರಾಭವ’ ಎಂಬ ಒಂದೇ ಮಾತಿನಲ್ಲಿ ತಳ್ಳಿಬಿಟ್ಟರೆ ಚರಿತ್ರೆಗೆ ಅನ್ಯಾಯವಾಗುತ್ತದೆ.

ನನ್ನ ಮುಖ್ಯ ಆಕ್ಷೇಪ ಬೇರೆ. ಸೋಲನ್ನು ಎಣಿಸುವ ಭರದಲ್ಲಿ ನೀವು ಪ್ರತಿ ಜಗಳದ ನಂತರದ ರಾಜಿಯನ್ನು ಬಿಟ್ಟಿದ್ದೀರಿ, ಇಡೀ ಜೀವನದ ಬೆನ್ನೆಲುಬು ಅದೇ. 1982ರ ವಿಫಲ ಕ್ಷಿಪ್ರಕ್ರಾಂತಿಯ ನಂತರ ಅಂದಿನ ಅಧ್ಯಕ್ಷ ಡೇನಿಯಲ್ ಅರಪ್ ಮೋಯ್ ಅವರ ಸರ್ಕಾರ ಅವರನ್ನು ಬಂಧಿಸಿ, ಬಹುಕಾಲ ವಿಚಾರಣೆಯಿಲ್ಲದೆ, 1988ರವರೆಗೆ ಇರಿಸಿತ್ತು. 1984ರಲ್ಲಿ ತಾಯಿ ತೀರಿಕೊಂಡ ವಿಷಯ ಅವರಿಗೆ ತಿಳಿದದ್ದು ಸುಮಾರು ಎರಡು ತಿಂಗಳ ಮೇಲೆ. ಅದೇ ಮೋಯ್ ಸಂಪುಟದಲ್ಲಿ 2001ರಲ್ಲಿ ಅವರು ಇಂಧನ ಸಚಿವರಾದರು, ಮರುವರ್ಷ ತಮ್ಮ ಪಕ್ಷವನ್ನೇ ಮೋಯ್ ಅವರ ಆಡಳಿತ ಪಕ್ಷವಾದ ಕಾನುವಿನಲ್ಲಿ ವಿಲೀನಗೊಳಿಸಿದರು. ಮೋಯ್ ಉಹುರು ಅವರನ್ನು ಉತ್ತರಾಧಿಕಾರಿಯೆಂದು ಆರಿಸಿದಾಗ ಹೊರನಡೆದು, ‘ಕಿಬಾಕಿ ತೋಶಾ’, ಅಂದರೆ ಕಿಬಾಕಿಯೇ ತಕ್ಕವರು, ಎಂದು ಘೋಷಿಸಿ ಅವರನ್ನು ಗೆಲ್ಲಿಸಿದರು. ಮುಂದೆ ಕಿಬಾಕಿಯೊಡನೆಯೇ ಜಗಳ, ಕಿಬಾಕಿಯೊಡನೆಯೇ ಪಾಲುದಾರಿಕೆ. 2018ರ ಜನವರಿಯಲ್ಲಿ ‘ಜನತೆಯ ಅಧ್ಯಕ್ಷ’ನೆಂದು ತಾವೇ ಪ್ರಮಾಣವಚನ ಸ್ವೀಕರಿಸಿದವರು ಮಾರ್ಚ್ 9ರಂದು ಉಹುರು ಅವರ ಕೈ ಕುಲುಕಿದರು. ಅದು ನಡೆದದ್ದು ನೈರೋಬಿಯಲ್ಲಿ ಅಧ್ಯಕ್ಷರ ಕಚೇರಿಯಿರುವ ಹರಾಂಬೆ ಹೌಸ್ ಮೆಟ್ಟಿಲ ಮೇಲೆ. 2008ರ ಫೆಬ್ರವರಿ 28ರಂದು ಅನ್ನಾನ್ ಎದುರು ಕಿಬಾಕಿ ಮತ್ತು ರೈಲಾ ಒಪ್ಪಂದಕ್ಕೆ ಸಹಿ ಹಾಕಿದ್ದೂ ಆ ಕಟ್ಟಡದ ಮುಂದೆಯೇ.

ಈ ರಾಜಿಗಳನ್ನು ನೀವು ಹೊಗಳಬೇಕೆಂದೋ ತೆಗಳಬೇಕೆಂದೋ ನನ್ನ ಒತ್ತಾಯವಿಲ್ಲ, ಫಲವನ್ನು ಒಂದೊಂದಾಗಿ ನೋಡಿ. 2008ರ ಒಪ್ಪಂದದಿಂದ ಹೊಸ ಸಂವಿಧಾನವೂ, ಅಧಿಕಾರ ಹಂಚಿಕೊಂಡ 47 ಕೌಂಟಿಗಳೂ, ಅಂದರೆ ಸ್ಥಳೀಯ ಸರ್ಕಾರಗಳೂ, ಬಂದವು. ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಸಾಧನೆ ಅದು. 2018ರ ಕೈಕುಲುಕಿನಿಂದ ಹುಟ್ಟಿದ ಸಂವಿಧಾನ ತಿದ್ದುಪಡಿಯ ಯತ್ನ ನ್ಯಾಯಾಲಯಗಳಲ್ಲಿ ಬಿದ್ದುಹೋಯಿತು. 2024ರಲ್ಲಿ ತೆರಿಗೆ ವಿರೋಧಿಸಿ ಯುವಜನ ಬೀದಿಗಿಳಿದು ಗುಂಡೇಟು ತಿಂದ ಕೆಲವೇ ವಾರಗಳಲ್ಲಿ ರೈಲಾ ಪಕ್ಷದ ಹಿರಿಯರು ರೂಟೊ ಸಂಪುಟ ಸೇರಿದರು. ಆ ಯುವಕರ ಸಿಟ್ಟು ನಿಮ್ಮ ಲೇಖನದಲ್ಲಿ ಎಲ್ಲಿಯೂ ಕೇಳಿಸುವುದಿಲ್ಲ.

ತಂದೆ ಜಾರಮೋಗಿ ಒಗಿಂಗಾ ಒಡಿಂಗಾ ಅವರ ಭಾಗ ಅತಿ ಉದ್ದವಾಯಿತು. ದೇಶದ ಮೊದಲ ಉಪಾಧ್ಯಕ್ಷರಾಗಿದ್ದು, 1966ರಲ್ಲಿ ಕೆನ್ಯಾಟಾ ಜೊತೆ ಮುರಿದುಕೊಂಡು ಹೊರಬಂದರು ಎಂಬಷ್ಟು ಸಾಕು. ‘ಸಿಂಹ’, ‘ಧ್ರುವತಾರೆ’ ಎಂಬ ಪದಗಳನ್ನೂ, ಕೊನೆಯ ಕವಿತೆಯನ್ನೂ ದಯವಿಟ್ಟು ತೆಗೆಯಿರಿ. 2008ರ ಸಹಿಯ ಸಂದರ್ಭದಿಂದ ಆರಂಭಿಸಿ, ಹಿಂದಕ್ಕೂ ಮುಂದಕ್ಕೂ ಹೋಗಿ, 2025ರ ಮಾರ್ಚ್‌ನಲ್ಲಿ ರೂಟೊ ಜೊತೆಗಾದ ಲಿಖಿತ ಒಪ್ಪಂದದ ಬಳಿ ನಿಲ್ಲಿಸಿದರೆ ಲೇಖನ ಈಗಿನ ಅರ್ಧದಷ್ಟು ಉದ್ದಕ್ಕೆ ಇಳಿಯುತ್ತದೆ. ಹಾಗೆ ತಿದ್ದಿ ಕಳುಹಿಸಿದರೆ ಮತ್ತೊಮ್ಮೆ ಪರಿಶೀಲಿಸುತ್ತೇನೆ.

ಇಂತಿ,
ಸಂಪಾದಕ