ರೋಡ್ ಸೈಕ್ಲಿಂಗ್‌ನಲ್ಲಿ ಯಾರ ವೃತ್ತಿಜೀವನವನ್ನು ಪೂರ್ತಿ ತಿಳಿದುಕೊಳ್ಳಬೇಕು?

ಈಗಷ್ಟೇ ರೋಡ್ ಸೈಕ್ಲಿಂಗ್ ನೋಡೋಕೆ ಶುರು ಮಾಡಿದ್ದೀರಿ, ಒಬ್ಬ ಚಾಂಪಿಯನ್ನಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ತಿಳಿದುಕೊಳ್ಳಬೇಕು, ಯಾರನ್ನು ಆರಿಸಲಿ ಅಂತ ಕೇಳಿದ್ದೀರಿ. ಬೇರೆಯವರೆಲ್ಲ ಎಡ್ಡಿ ಮರ್ಕ್ಸ್ ಅಂತಾರೆ. ಐದು ಸಲ ಟೂರ್ ಡಿ ಫ್ರಾನ್ಸ್ ಗೆದ್ದವರ ಹೆಸರು ಹೇಳಿದರೆ ತಪ್ಪೇನಿಲ್ಲ. ಆದರೆ ನಾನು ಹೇಳೋದು ನೆದರ್‌ಲೆಂಡ್ಸ್‌ನ ಆನೆಮಿಕ್ ವ್ಯಾನ್ ವ್ಲೂಟನ್ ಹೆಸರು. ಬೇರೆ ಆಟಗಾರರು ನಿವೃತ್ತಿಯ ಮಾತಾಡೋ ವಯಸ್ಸಿನಲ್ಲಿ ಇವರ ಒಳ್ಳೆಯ ದಿನಗಳು ಶುರುವಾದವು.

ಹುಟ್ಟಿದ್ದು 1982ರಲ್ಲಿ. ಮೊದಲು ಆಡುತ್ತಿದ್ದದ್ದು ಫುಟ್‌ಬಾಲ್. ಮಂಡಿ ಕೈಕೊಟ್ಟ ಮೇಲೆ ಸೈಕಲ್ ಹತ್ತಿದರು. ವಿಶ್ವವಿದ್ಯಾಲಯದ ಓದು ಮುಗಿಸಿ, 25ರ ಆಸುಪಾಸಿನಲ್ಲಿ ವೃತ್ತಿಪರ ರೇಸ್‌ಗೆ ಬಂದರು. ಈ ಆಟದಲ್ಲಿ ಅದು ತಡವೇ. 2011ರಲ್ಲಿ ಬೆಲ್ಜಿಯಂನ ಒಂದು ದಿನದ ದೊಡ್ಡ ರೇಸ್ ಟೂರ್ ಆಫ್ ಫ್ಲಾಂಡರ್ಸ್ ಗೆದ್ದರು ನಿಜ. ಆದರೂ ಆ ಕಾಲದಲ್ಲಿ ಡಚ್ ತಂಡ ಅಂದರೆ ಮರಿಯಾನ್ನೆ ವೋಸ್, ಉಳಿದವರು ಆಮೇಲೆ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಥೆ ಬದಲಾಯಿತು. ಕೊನೆಯ ಏರು ಮುಗಿಸಿ, ವಿಸ್ಟಾ ಚಿನೇಸಾದ ಇಳಿಜಾರಿನಲ್ಲಿ ಒಬ್ಬರೇ ಮುಂದಿದ್ದರು. ಒಂದು ತಿರುವಿನಲ್ಲಿ ಟೈರ್ ಜಾರಿತು, ರಸ್ತೆ ಪಕ್ಕದ ಕಲ್ಲಿನ ಅಂಚಿನ ಮೇಲೆ ಹೋಗಿ ಬಿದ್ದರು. ಆ ದೃಶ್ಯ ನೋಡಿದವರಿಗೆ ಅವರು ಬದುಕಿದ್ದಾರೋ ಇಲ್ಲವೋ ಅನ್ನೋ ಭಯ. ಬೆನ್ನುಮೂಳೆಯಲ್ಲಿ ಮೂರು ಕಡೆ ಸಣ್ಣ ಬಿರುಕು, ತಲೆಗೂ ಜೋರು ಪೆಟ್ಟು. ಚಿನ್ನ ಅವರದೇ ತಂಡದ ಆನಾ ವ್ಯಾನ್ ಡರ್ ಬ್ರೆಗ್ಗನ್‌ಗೆ ಹೋಯಿತು. ಆಗ ಆನೆಮಿಕ್‌ಗೆ 33.

ನನಗೆ ಮುಖ್ಯ ಅನಿಸೋದು ಇಲ್ಲಿಂದ ಮುಂದಿನದು. ಬಿದ್ದರೂ ಅವತ್ತು ಅವರಿಗೆ ಒಂದು ವಿಷಯ ಗೊತ್ತಾಗಿತ್ತು: ಬೆಟ್ಟದ ಏರಿನಲ್ಲಿ ತಾನು ಜಗತ್ತಿನ ಮೊದಲ ಸಾಲಿನಲ್ಲಿ ನಿಲ್ಲಬಲ್ಲೆ. 2017 ಮತ್ತು 2018ರಲ್ಲಿ ಟೈಮ್ ಟ್ರಯಲ್ (ಒಬ್ಬೊಬ್ಬರೇ ಬೇರೆ ಬೇರೆಯಾಗಿ ಹೊರಟು, ಯಾರು ಕಡಿಮೆ ಸಮಯದಲ್ಲಿ ಮುಗಿಸ್ತಾರೆ ಅಂತ ನೋಡೋ ಸ್ಪರ್ಧೆ) ವಿಶ್ವ ಚಾಂಪಿಯನ್ ಆದರು. ಪುರುಷರ ತಂಡದ ಕ್ಯಾಂಪ್‌ಗಳಿಗೆ ಹೋಗಿ ಅವರ ಜೊತೆಗೇ ಅಭ್ಯಾಸ ಮಾಡುತ್ತಿದ್ದರು. 2019ರಲ್ಲಿ ಯಾರ್ಕ್‌ಷೈರ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಇನ್ನೂ ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ ಇರುವಾಗಲೇ ಒಬ್ಬರೇ ಮುಂದೆ ನುಗ್ಗಿದರು. ಹೊಸದಾಗಿ ನೋಡೋರಿಗೆ ಇದರ ತೂಕ ತಕ್ಷಣ ಗೊತ್ತಾಗಲ್ಲ. ಗುಂಪಿನಲ್ಲಿ ಇರೋರಿಗೆ ಮುಂದಿನವರ ಬೆನ್ನ ಹಿಂದೆ ಗಾಳಿ ತಪ್ಪುತ್ತೆ, ಶಕ್ತಿ ಬಹಳ ಉಳಿಯುತ್ತೆ. ಒಂಟಿಯಾಗಿ ಹೋಗೋರು ಅಷ್ಟೂ ಗಾಳಿಯನ್ನು ತಾವೇ ಎದುರಿಸಬೇಕು. ಹಿಂದಿನವರು ಸರದಿ ಪ್ರಕಾರ ಎಳೆದರೆ ಹಿಡಿದೇ ಹಿಡೀತಾರೆ ಅನ್ನೋದು ಲೆಕ್ಕ. ಅವತ್ತು ಆ ಲೆಕ್ಕ ತಪ್ಪಿತು. ಎರಡು ನಿಮಿಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು.

ಟೋಕಿಯೊ ಒಲಿಂಪಿಕ್ಸ್‌ನ ರೋಡ್ ರೇಸ್‌ನಲ್ಲಿ ಗೆದ್ದೆ ಅಂದುಕೊಂಡು ಕೈ ಎತ್ತಿಕೊಂಡೇ ಫಿನಿಶ್ ಲೈನ್ ದಾಟಿದರು. ಆದರೆ ಆಸ್ಟ್ರಿಯಾದ ಆನಾ ಕೀಸನ್‌ಹೋಫರ್ ಒಂದು ನಿಮಿಷಕ್ಕೂ ಮೊದಲೇ ಗೆದ್ದಾಗಿತ್ತು. ಒಲಿಂಪಿಕ್ಸ್‌ನಲ್ಲಿ ಕಿವಿಗೆ ರೇಡಿಯೊ ಇರಲ್ಲ, ಮುಂದೆ ಯಾರಿದ್ದಾರೆ ಅಂತ ಹೇಳೋರಿಲ್ಲ. ತುಂಬಾ ಜನ ನಕ್ಕರು. ಮೂರೇ ದಿನದಲ್ಲಿ ಟೈಮ್ ಟ್ರಯಲ್ ಚಿನ್ನ ಅವರ ಕೊರಳಲ್ಲಿತ್ತು.

ಇನ್ನು 2022. ಒಂದೇ ವರ್ಷ ಇಟಲಿಯ ಜಿರೊ, ಟೂರ್ ಡಿ ಫ್ರಾನ್ಸ್ ಫಾಮ್ (ಅಂದರೆ ಮಹಿಳೆಯರ ಟೂರ್), ಸ್ಪೇನ್‌ನ ಮಹಿಳಾ ವುಎಲ್ಟಾ, ಹಲವು ದಿನ ನಡೆಯೋ ಈ ಮೂರೂ ರೇಸ್ ಅವರದೇ. ಟೂರ್‌ನ ಶುರುವಿನಲ್ಲಿ ಹೊಟ್ಟೆ ಕೆಟ್ಟು ಮನೆಗೆ ಹೋಗುವಷ್ಟು ಸುಸ್ತಾಗಿದ್ದರು. ಏಳನೇ ದಿನ ಫ್ರಾನ್ಸ್‌ನ ವೋಜ್ ಬೆಟ್ಟಗಳಲ್ಲಿ ಎದುರಾಳಿ ಡೆಮಿ ವೊಲರಿಂಗ್ ಅವರನ್ನು ಹಿಂದೆ ಬಿಟ್ಟು, 60 ಕಿಲೋಮೀಟರ್ ಒಂಟಿಯಾಗಿ ಹೋಗಿ ಗೆದ್ದರು. ಆಮೇಲೆ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ವೊಲೊಂಗಾಂಗ್. ವಿಶ್ವ ಚಾಂಪಿಯನ್‌ಶಿಪ್‌ನ ರಿಲೇ ಸ್ಪರ್ಧೆಯಲ್ಲಿ ಬಿದ್ದು ಮೊಣಕೈ ಮೂಳೆ ಮುರಿದಿತ್ತು. ಸೀಟಿನಿಂದ ಎದ್ದು ಪೆಡಲ್ ತುಳಿಯೋಕೂ ಆಗ್ತಿರಲಿಲ್ಲ. ರೋಡ್ ರೇಸ್‌ಗೆ ಇಳಿದದ್ದು ವೋಸ್‌ಗೆ ಸಹಾಯ ಮಾಡೋಣ ಅಂತ.

ಕೊನೆಯ ಕಿಲೋಮೀಟರ್‌ನಲ್ಲಿ ಮುಂದಿದ್ದವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಯಾರು ಮೊದಲು ಹೊರಟರೂ ಉಳಿದವರಿಗೆ ಗಾಳಿ ತಡೆದಂತೆ, ಅಲ್ವಾ? ಆ ಅನುಮಾನದ ಗಳಿಗೆಯಲ್ಲೇ ಹಿಂದಿನಿಂದ ಆನೆಮಿಕ್ ವೇಗವಾಗಿ ಬಂದು ಅವರನ್ನು ದಾಟಿ ಹೋದರು. ಕೂತೇ ತುಳಿದರು. ಬೆಲ್ಜಿಯಂನ ಲೊಟ್ಟೆ ಕೊಪೆಕಿಗಿಂತ ಒಂದು ಸೆಕೆಂಡ್ ಮೊದಲು ಗೆರೆ ಮುಟ್ಟಿದರು. 40 ತುಂಬಲು ಇನ್ನು ಎರಡೇ ವಾರ ಇತ್ತು. 2023ರಲ್ಲಿ ವುಎಲ್ಟಾವನ್ನು ಬರೀ ಒಂಬತ್ತು ಸೆಕೆಂಡ್‌ಗಳಿಂದ ಗೆದ್ದರು, ನಾಲ್ಕನೇ ಜಿರೊವನ್ನೂ ಗೆದ್ದರು, ಅದೇ ವರ್ಷ ನಿವೃತ್ತರಾದರು.

ಎಲ್ಲಿಂದ ನೋಡೋದು ಅಂದರೆ, ಮೊದಲು ವೊಲೊಂಗಾಂಗ್‌ನ ಕೊನೆಯ ಹತ್ತು ನಿಮಿಷ ನೋಡಿ. ಗೆದ್ದವರನ್ನಲ್ಲ, ಮುಂದಿನ ಗುಂಪಿನವರನ್ನು ಗಮನಿಸಿ. ರೋಡ್ ರೇಸ್‌ನಲ್ಲಿ ಕಾಲಿನ ಬಲದಷ್ಟೇ ಬೇರೆಯವರ ಹಿಂಜರಿಕೆಯೂ ಹೇಗೆ ಕೆಲಸ ಮಾಡುತ್ತೆ ಅಂತ ಅಲ್ಲಿ ಚೆನ್ನಾಗಿ ಕಾಣುತ್ತೆ. ಯಾರ್ಕ್‌ಷೈರ್ ಆಮೇಲೆ ನೋಡಿ, ಅದಕ್ಕೆ ಪುರುಸೊತ್ತು ಬೇಕು.