ಪರೀಕ್ಷೆಯ ದಿನಗಳಿಗೆ ಒಂದು ಡಬ್ಬಿ ಹುರಿದ ಕಾಳು

ಪ್ರಶ್ನೆ: ನನ್ನ ಇಬ್ಬರು ಮಕ್ಕಳಿಗೂ ಪರೀಕ್ಷೆ ಹತ್ತಿರ ಬಂದಿದೆ. ರಾತ್ರಿ ಹನ್ನೊಂದರವರೆಗೆ ಓದುತ್ತಾರೆ. ನಡುವೆ ಹಸಿವಾದಾಗಲೆಲ್ಲ ಚಿಪ್ಸ್, ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಾರೆ. ನಾನು ಕೆಲಸ ಮುಗಿಸಿ ಮನೆ ಸೇರುವಾಗ ಏಳು ಗಂಟೆ. ಹೆಚ್ಚು ಖರ್ಚಿಲ್ಲದೆ, ಹೆಚ್ಚು ಹೊತ್ತು ಒಲೆಯ ಮುಂದೆ ನಿಲ್ಲದೆ ಏನು ಮಾಡಿಡಬಹುದು?

ಉತ್ತರ: ಮಕ್ಕಳು ಪೊಟ್ಟಣಕ್ಕೆ ಕೈ ಹಾಕುವುದು ಎಷ್ಟೋ ಸಲ ರುಚಿಗಾಗಿ ಅಲ್ಲ, ಹಸಿವಾದ ಗಳಿಗೆಯಲ್ಲಿ ಕೈಗೆ ಸಿಗುವುದು ಅದೊಂದೇ ಎಂಬ ಕಾರಣಕ್ಕೆ. ಆದ್ದರಿಂದ ದಿನಕ್ಕೊಂದು ಹೊಸ ತಿಂಡಿಯ ಯೋಚನೆ ಬಿಟ್ಟು, ರಜೆಯ ದಿನ ಒಂದಿಷ್ಟು ಕಾಳನ್ನು ಸಿದ್ಧಮಾಡಿಡುವುದನ್ನು ರೂಢಿಸಿಕೊಳ್ಳಿ. ಸಕ್ಕರೆ ಮತ್ತು ಮೈದಾದ ತಿಂಡಿಗಳು ಬೇಗ ಜೀರ್ಣವಾಗಿ ಮತ್ತೆ ಬೇಗನೆ ಹಸಿವು ತರುತ್ತವೆ. ಪ್ರೊಟೀನ್ ಮತ್ತು ನಾರಿನಂಶ ಎರಡೂ ಇರುವ ಕಾಳುಗಳು ನಿಧಾನವಾಗಿ ಜೀರ್ಣವಾಗುವುದರಿಂದ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ.

ನನ್ನ ಮೊದಲ ಆಯ್ಕೆ ಕಡಲೆಕಾಳು. 250 ಗ್ರಾಂ ಕಾಳನ್ನು ರಾತ್ರಿ ನೆನೆಹಾಕಿದರೆ ಬೆಳಗಾಗುವಷ್ಟರಲ್ಲಿ ಅದರ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಬೆರಳುಗಳ ನಡುವೆ ಒತ್ತಿದರೆ ಮೆತ್ತಗಾಗಬೇಕು, ಆದರೆ ಸಿಪ್ಪೆ ಬಿಟ್ಟು ಒಡೆಯಬಾರದು, ಅಷ್ಟು ಬೇಯಿಸಿ ನೀರು ಬಸಿಯಿರಿ. ಅರ್ಧ ಭಾಗಕ್ಕೆ ಈರುಳ್ಳಿ, ಸೌತೆಕಾಯಿ, ನಿಂಬೆರಸ ಸೇರಿಸಿದರೆ ಆ ದಿನದ ತಿಂಡಿ ಆಯಿತು. ಉಳಿದ ಅರ್ಧವನ್ನು ಒಣ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿಡಿ. ಅವಸರದಲ್ಲಿ ಹಲವರು ಬಿಟ್ಟುಬಿಡುವ ಹಂತವೇ ಇದು. ಹೊರಮೈಯ ನೀರು ಆರದಿದ್ದರೆ ಕಾಳು ಬಾಣಲೆಯಲ್ಲಿ ಹುರಿಯುವ ಬದಲು ಬೇಯುತ್ತಲೇ ಇರುತ್ತದೆ. ಒಂದೆರಡು ಚಮಚ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹುರಿದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ಕಾಳು ಹಗುರಾಗಿ, ಬಾಣಲೆಗೆ ತಾಗುವಾಗ ಸಣ್ಣ ಹರಳು ಉರುಳಿದಂತೆ ಸದ್ದು ಬರತೊಡಗುತ್ತದೆ. ಆಗ ಇಳಿಸಿ ಉಪ್ಪು, ಖಾರದ ಪುಡಿ ಬೆರೆಸಿ. ಪೂರ್ತಿ ಆರದೆ ಮುಚ್ಚಳ ಹಾಕಿದರೆ ಹಬೆ ನೀರಾಗಿ ಕಾಳು ಮತ್ತೆ ಮೆತ್ತಗಾಗುತ್ತದೆ. ಒಳಗೆ ಸ್ವಲ್ಪ ತೇವ ಉಳಿದೇ ಇರುವುದರಿಂದ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ತಿನ್ನುವ ಮುನ್ನ ಎರಡು ನಿಮಿಷ ಬಿಸಿಮಾಡಿಕೊಳ್ಳಬಹುದು.

ವಾರದ ಉಳಿದ ದಿನಗಳಿಗೆ ಎಣ್ಣೆಯಿಲ್ಲದೆ ಹುರಿದ ಕಡಲೆಕಾಯಿ ಬೀಜ ಸಾಕು. ಅದರ 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೊಟೀನ್ ಇದೆ. ಕೊಬ್ಬೂ ಹೆಚ್ಚಿರುವುದರಿಂದ ಒಂದು ಹಿಡಿಗಿಂತ ಹೆಚ್ಚು ಬೇಡ, ಅಲರ್ಜಿ ಇರುವವರಿಗಂತೂ ಕೊಡಲೇಬಾರದು. ಜೊತೆಗೊಂದು ಬಾಳೆಹಣ್ಣು ಅಥವಾ ಬೇಯಿಸಿದ ಮೊಟ್ಟೆ ಇದ್ದರೆ ಒಳ್ಳೆಯದು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಓದುವಾಗ ನಿದ್ದೆ ಬರದಿರಲೆಂದು ತಡರಾತ್ರಿ ಕಾಫಿ ಮಾಡಿಕೊಡಬೇಡಿ. ಅದರಲ್ಲಿರುವ ಕೆಫೀನಿನ ಪ್ರಮಾಣ ದೇಹದಲ್ಲಿ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಹಿಡಿಯುತ್ತದೆ. ಹತ್ತಕ್ಕೆ ಕುಡಿದದ್ದು ಮೂರು ಗಂಟೆಯವರೆಗೂ ನಿದ್ದೆಯನ್ನು ಕೆಡಿಸಬಲ್ಲದು. ಮೇಜಿನ ಮೇಲೆ ಕಾಳಿನ ಬಟ್ಟಲಿನ ಪಕ್ಕದಲ್ಲಿ ಒಂದು ತಂಬಿಗೆ ನೀರಿಡಿ. ಪರೀಕ್ಷೆಯ ದಿನ ಬೆಳಿಗ್ಗೆ ಮಾತ್ರ ಯಾವ ಹೊಸ ತಿಂಡಿಯನ್ನೂ ಮಾಡಬೇಡಿ, ಮಕ್ಕಳ ಹೊಟ್ಟೆಗೆ ಒಗ್ಗಿದ್ದನ್ನೇ ಕೊಡಿ.