ಗಲ್ಫ್ ದುಡ್ಡು ನಿಂತ ಮೇಲೂ ಮನೆ ನಡೆಯಬೇಕಲ್ವಾ?

ಪ್ರಶ್ನೆ: ಯಜಮಾನರು 14 ವರ್ಷದಿಂದ ಶಾರ್ಜಾದಲ್ಲಿ ಒಂದೇ ಕಂಪನಿಯಲ್ಲಿ ಎಸಿ ಮೆಕ್ಯಾನಿಕ್. ತಿಂಗಳಿಗೆ 40 ಸಾವಿರ ರೂಪಾಯಿ ಕಳಿಸುತ್ತಾರೆ. ಮನೆ ಆಗಿದೆ, ಮಕ್ಕಳಿಬ್ಬರೂ ಓದುತ್ತಿದ್ದಾರೆ. ಇನ್ನು ಐದು ವರ್ಷಕ್ಕೆ ಊರಿಗೆ ಬಂದುಬಿಡುತ್ತೇನೆ ಅನ್ನುತ್ತಾರೆ. ಅದಕ್ಕೆ ಮೊದಲು ಮೇಲಂತಸ್ತು ಕಟ್ಟಿಸಿ ಬಾಡಿಗೆಗೆ ಕೊಡೋಣ ಅಂತ ಅವರ ಆಸೆ. ಹಾಗಾದರೆ ಚಿನ್ನ ಅಡವಿಡಬೇಕು. ಕೈಯಲ್ಲಿ ಉಳಿತಾಯ ಏನೂ ಇಲ್ಲ. ಏನು ಮಾಡಲಿ?
– ಓದುಗರು, ಕಾಪು

ಉತ್ತರ: ಮೇಲಂತಸ್ತು ಈಗ ಬೇಡ ಅಕ್ಕಾ. ಆದರೆ ಉಳಿತಾಯ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಗಲ್ಫ್‌ನವರು ದುಡಿದದ್ದನ್ನೆಲ್ಲ ಮನೆಗೆ, ಮದುವೆಗೆ ಸುರಿದರು ಅಂತ ಹಗುರಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೋರದ ಮಾಡು, ಮಕ್ಕಳ ಫೀಸು, ಅತ್ತೆ ಮಾವನ ಆಸ್ಪತ್ರೆ ಖರ್ಚು, ಇದೆಲ್ಲ ಅಭಿವೃದ್ಧಿ ಅಲ್ಲದೆ ಇನ್ನೇನು? ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಯ ಮೊದಲ ಪದವೀಧರ ಓದಿದ್ದು ಅಪ್ಪ ಮರಳುಗಾಡಿನಿಂದ ಕಳಿಸಿದ ದುಡ್ಡಿನಲ್ಲೇ.

ನನ್ನ ಚಿಂತೆ ಬೇರೆ. ಅಲ್ಲಿಯ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಕೆಲಸ ಹೋದರೆ ಕೆಲವೇ ತಿಂಗಳಲ್ಲಿ ಬೇರೆ ಕೆಲಸ ಹುಡುಕಬೇಕು ಇಲ್ಲ ವಾಪಸ್ ಬರಬೇಕು, ಇಲ್ಲಿಯ ಸರ್ಕಾರಿ ನೌಕರರಿಗೆ ಸಿಗುವಂಥ ಪಿಂಚಣಿಯೂ ಅಲ್ಲಿಲ್ಲ. 1990ರಲ್ಲಿ ಇರಾಕ್ ದಾಳಿ ಮಾಡಿದಾಗ ಕುವೈತಿನಿಂದ, 2020ರಲ್ಲಿ ಕೊರೊನಾ ಬಂದಾಗ ಕೊಲ್ಲಿಯ ಎಲ್ಲ ಕಡೆಯಿಂದ ನಮ್ಮವರು ಹೇಗೆ ಬಂದರು ಅಂತ ಕಾಪುವಿನವರಿಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಐದು ವರ್ಷ ಅನ್ನುವುದನ್ನು ನೀವು ಗಟ್ಟಿ ಲೆಕ್ಕ ಅಂತ ಹಿಡಿಯಬೇಡಿ.

ಮೊದಲು ಅವರಿಗೆ ಫೋನ್ ಮಾಡಿ ಒಂದು ವಿಷಯ ಕೇಳಿ: ಕರಾರಿನಲ್ಲಿ ಬೇಸಿಕ್ ಸಂಬಳ, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳ, ಎಷ್ಟಿದೆ? ಯುಎಇಯಲ್ಲಿ ಕೆಲಸ ಬಿಡುವಾಗ ಗ್ರಾಚ್ಯುಟಿ ಕೊಡುವುದು ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಇದೇ ಕಂಪನಿಯಲ್ಲಿ 19 ವರ್ಷ ಮುಗಿಸಿದರೆ ಒಟ್ಟು 525 ದಿನ, ಅಂದರೆ ಹದಿನೇಳೂವರೆ ತಿಂಗಳ ಬೇಸಿಕ್. ಬೇಸಿಕ್ 1,200 ದಿರ್ಹಮ್ ಇದ್ದರೆ ಸಿಗುವುದು 21,000 ದಿರ್ಹಮ್. ತುಂಬಾ ಜನ ಕೈಗೆ ಬರುವ ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಿಕೊಂಡು, ಆ ದುಡ್ಡನ್ನು ಮನಸ್ಸಿನಲ್ಲೇ ಖರ್ಚು ಮಾಡಿ, ಕೊನೆಗೆ ಅರ್ಧವೂ ಸಿಗದೆ ಕಂಗಾಲಾಗುತ್ತಾರೆ.

ಇನ್ನು ಬಾಡಿಗೆ. ದೇರಳಕಟ್ಟೆಯಲ್ಲೋ ಮಣಿಪಾಲದಲ್ಲೋ ಕಾಲೇಜಿನ ಪಕ್ಕ ಮನೆ ಇದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ನಿಮ್ಮ ಓಣಿಯಲ್ಲಿ ಒಮ್ಮೆ ನಡೆದು ನೋಡಿ, ಬೀಗ ಹಾಕಿದ ಮನೆ ಎಷ್ಟಿವೆ, ಬಾಡಿಗೆಗೆ ಇರುವವರು ಎಷ್ಟು ಕೊಡುತ್ತಾರೆ ಅಂತ. ಆ ಬಾಡಿಗೆ ಚಿನ್ನದ ಸಾಲದ ಬಡ್ಡಿಗೂ ಸಾಲದಿದ್ದರೆ ಮೇಲಂತಸ್ತು ಆದಾಯ ಅಲ್ಲ, ಹೊರೆ. ಚಿನ್ನ ಮನೆಯಲ್ಲೇ ಇರಲಿ.

ಈ ತಿಂಗಳಿಂದಲೇ 40 ಸಾವಿರದಲ್ಲಿ ಆದಷ್ಟನ್ನು ಪಕ್ಕಕ್ಕೆ ತೆಗೆಯಿರಿ, 5 ಸಾವಿರವಾದರೂ ಸರಿ. ಖರ್ಚೆಲ್ಲ ಮುಗಿದ ಮೇಲೆ ಅಲ್ಲ, ದುಡ್ಡು ಬಂದ ದಿನವೇ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರುಮಾಡಿದ ಪಿಗ್ಮಿ ನೆನಪಿಸಿಕೊಳ್ಳಿ. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಉಡುಪಿ ಸೀಮೆಯ ನಮಗೆ ಸಣ್ಣ ದುಡ್ಡಿನ ಶಕ್ತಿ ಹೊಸದಲ್ಲ. ಮೊದಲು ಆರು ತಿಂಗಳ ಮನೆಖರ್ಚು ಕೂಡಲಿ. ಅವರ ಹೆಸರಿನಲ್ಲಿ ಎನ್‌ಆರ್‌ಇ ಖಾತೆ (ಅನಿವಾಸಿಗಳು ಹೊರದೇಶದ ದುಡಿಮೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಬ್ಯಾಂಕ್ ಖಾತೆ) ಇದ್ದರೆ ಠೇವಣಿ ಅಲ್ಲೇ ಇಡಿ, ಅವರು ಅನಿವಾಸಿ ಆಗಿರುವವರೆಗೆ ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ನೀವು ಅದರಲ್ಲಿ ಜಂಟಿ ಖಾತೆದಾರರಾಗಬಹುದು, ಅಧಿಕಾರಪತ್ರ ಕೊಟ್ಟರೆ ವ್ಯವಹಾರವನ್ನೂ ಮಾಡಬಹುದು. ಇದನ್ನು ದಯವಿಟ್ಟು ಮಾಡಿಸಿಕೊಳ್ಳಿ. ಇಷ್ಟು ವರ್ಷ ಮನೆ ನಡೆಸಿದ್ದು ನೀವು, ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರೇ ಇಲ್ಲ ಅಂದರೆ ಹೇಗೆ?

ಆಮೇಲೆ ದುಡ್ಡು ಹಾಕುವುದಾದರೆ ಅವರ ಕೈಕೆಲಸದ ಮೇಲೆ ಹಾಕಿ. ಸೆಕೆಯ ಊರು ನಮ್ಮದು, ಎಸಿ ರಿಪೇರಿ ಗೊತ್ತಿರುವವರಿಗೆ ಕೆಲಸ ಇದ್ದೇ ಇದೆ. ಮುಂದಿನ ರಜೆಗೆ ಬಂದಾಗ ಬರೀ ಮದುವೆ ಊಟ ಅಂತ ಓಡಾಡದೆ, ಇಲ್ಲಿಯ ಸರ್ವಿಸ್ ಅಂಗಡಿಗಳಲ್ಲಿ ನಾಲ್ಕು ದಿನ ಕೂತು ರೇಟು, ಬಿಡಿಭಾಗ ಎಲ್ಲಿ ಸಿಗುತ್ತದೆ, ಗಿರಾಕಿ ಯಾರು ಅಂತ ತಿಳಿದುಕೊಳ್ಳಲಿ.

ಮನೆಗೇ ಏನಾದರೂ ಮಾಡಿಸಬೇಕು ಅನಿಸಿದರೆ ಮಾಡಿನ ನೀರನ್ನು ಬಾವಿಗೆ ಇಳಿಸಿ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಸಾವಿರ ಚದರಡಿ ಮಾಡಿನ ಮೇಲೆ ಮೂರು ಲಕ್ಷ ಲೀಟರ್ ದಾಟಿ ಬೀಳುತ್ತದೆ. ಎಲ್ಲ ಚರಂಡಿಗೆ ಬಿಟ್ಟು ಏಪ್ರಿಲ್‌ನಲ್ಲಿ ಟ್ಯಾಂಕರ್‌ಗೆ ಕಾಯುವುದು ಯಾಕೆ? ಸೋಲಾರ್‌ಗೆ ಆತುರ ಬೇಡ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಇರುವುದು ನಿಜ, ಆದರೆ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ಉಳಿಯುವುದು ಏನೂ ಇಲ್ಲ.

ಪ್ರಶ್ನೆ: ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಊರಿಗೆ ದುಡ್ಡು ಕಳಿಸುವ ಖರ್ಚಿನ ವಿಷಯವೂ ಇದೆಯಂತೆ. ಅಷ್ಟು ಸಣ್ಣ ವಿಷಯ ಅಲ್ಲಿ ಯಾಕೆ?
– ಬಿ.ಕಾಂ. ವಿದ್ಯಾರ್ಥಿ, ಮಂಗಳೂರು

ಉತ್ತರ: ಸಣ್ಣದಲ್ಲ. ಹತ್ತನೇ ಗುರಿ ಅಸಮಾನತೆ ತಗ್ಗಿಸುವುದು, ಅದರಡಿ ಈ ಮಾತಿದೆ: 2030ರೊಳಗೆ ಕಳಿಸುವ ಖರ್ಚು ಶೇ. 3ಕ್ಕಿಂತ ಕೆಳಗೆ ಬರಬೇಕು. ಪ್ರಪಂಚದ ಸರಾಸರಿ ಈಗಲೂ ಶೇ. 6ರ ಮೇಲಿದೆ. ಮೇಲಿನ ಪತ್ರದ ಅಕ್ಕನ 40 ಸಾವಿರಕ್ಕೆ ಶೇ. 6 ಅಂದರೆ 2,400 ರೂಪಾಯಿ, ಪ್ರತಿ ತಿಂಗಳು! ಕೊಲ್ಲಿಯಿಂದ ಭಾರತಕ್ಕೆ ಕಳಿಸುವುದು ಬೇರೆ ಎಷ್ಟೋ ದೇಶಗಳಿಗೆ ಹೋಲಿಸಿದರೆ ಅಗ್ಗ, ಅದು ನಮ್ಮ ಪುಣ್ಯ. ಆದರೂ ‘ಫೀಸ್ ಇಲ್ಲ’ ಅನ್ನುವ ಬೋರ್ಡ್ ನಂಬಬೇಡಿ, ದಿರ್ಹಮ್‌ಗೆ ಕೊಡುವ ರೂಪಾಯಿ ರೇಟಿನಲ್ಲಿ ಕಡಿತ ಇರುತ್ತದೆ. ಸಾವಿರ ದಿರ್ಹಮ್ ಕಟ್ಟಿದರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ, ಅಷ್ಟನ್ನೇ ಕೇಳಿ ಹೋಲಿಸಿ.

ಒಟ್ಟು ಮೊತ್ತವನ್ನೂ ನೋಡಿ. ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ 2023–24ರಲ್ಲಿ ದೇಶಕ್ಕೆ ಹೀಗೆ ಬಂದದ್ದು 118.7 ಶತಕೋಟಿ ಡಾಲರ್. ಅದರಲ್ಲಿ ಅಮೆರಿಕದ ಪಾಲು ಶೇ. 27.7, ಯುಎಇಯದ್ದು ಶೇ. 19.2. ಕರ್ನಾಟಕಕ್ಕೆ ಬಂದದ್ದು ಶೇ. 7.7. ಇದು ಸರ್ಕಾರದ ಅಭಿವೃದ್ಧಿ ನಿಧಿ ಅಲ್ಲ, ಜನರ ಸಂಬಳ. ಕಳಿಸುವವರಿಗೆ ಹೀಗೆ ಮಾಡಿ ಹಾಗೆ ಮಾಡಿ ಅಂತ ಉಪದೇಶ ಕೊಡುವ ಮೊದಲು ದಾರಿಯಲ್ಲಿ ಆಗುವ ಸೋರಿಕೆ ನಿಲ್ಲಿಸುವುದು ನ್ಯಾಯ. ಬ್ಯಾಂಕಿನ ಹೊರಗೆ ಏಜೆಂಟರ ಕೈಯಲ್ಲಿ ದುಡ್ಡು ದಾಟಿಸುವ ಹುಂಡಿಯ ದಾರಿ ಮಾತ್ರ ಬೇಡ. ಅದು ಕಾನೂನುಬಾಹಿರ, ಜೊತೆಗೆ ದುಡ್ಡು ಬಂದದ್ದಕ್ಕೆ ಕಾಗದವೇ ಇರುವುದಿಲ್ಲ, ನಾಳೆ ಸಾಲ ಕೇಳಲು ಹೋದರೆ ಬ್ಯಾಂಕಿಗೆ ಏನು ತೋರಿಸುತ್ತೀರಿ?

ಪ್ರಶ್ನೆ: ದೋಹಾದಲ್ಲಿರುವ ನನ್ನ ತಮ್ಮ ಕಾರ್ಕಳದ ಹತ್ತಿರ ಅಡಿಕೆ ತೋಟ ಕೊಳ್ಳಬೇಕು ಅನ್ನುತ್ತಾನೆ. ನನ್ನ ಹೆಸರಿಗೆ ಬರೆಸಲಾ?
– ಓದುಗರು, ಕಾರ್ಕಳ

ಉತ್ತರ: ಬೇಡ. ಅನಿವಾಸಿ ಭಾರತೀಯರು ಇಲ್ಲಿ ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು. ಅವನ ದುಡ್ಡಿನಲ್ಲಿ ಅವನಿಗಾಗಿಯೇ ನಿಮ್ಮ ಹೆಸರಿಗೆ ಬರೆಸಿದರೆ ಬೇನಾಮಿ ಕಾನೂನಿಗೆ ಸಿಕ್ಕಿಬೀಳುತ್ತೀರಿ, ನಾಳೆ ಅಣ್ಣ ತಮ್ಮನ ನಡುವೆ ಮಾತು ಬಂದರೆ ಕೋರ್ಟಿನಲ್ಲೂ ಅವನ ಪರ ಏನೂ ನಿಲ್ಲುವುದಿಲ್ಲ. ಅವನು ಊರಿಗೆ ಬಂದು ನೆಲೆಸಲಿ, ನಿವಾಸಿ ಆದ ಮೇಲೆ ತನ್ನ ಹೆಸರಿಗೇ ಕೊಳ್ಳಲಿ. ಅಲ್ಲಿಯವರೆಗೆ ಆ ದುಡ್ಡು ಠೇವಣಿಯಲ್ಲಿರಲಿ.